ಹೊಸ ವಸ್ತು ಹುಟ್ಟಿತೇ? ನಾಲ್ಕು ಊರುಗಳಲ್ಲಿ ರಸಾಯನಶಾಸ್ತ್ರದ ಮೊದಲ ಪಾಠ



ರಸಾಯನಶಾಸ್ತ್ರ ಎಂದರೆ ಅಣುಸೂತ್ರಗಳನ್ನು ಉರು ಹೊಡೆಯುವುದು ಎಂಬ ಭಾವನೆ ನಮ್ಮ ಮಕ್ಕಳಲ್ಲಿ ಬೇರೂರಿದೆ. ಪರೀಕ್ಷೆಯ ಹಿಂದಿನ ರಾತ್ರಿ ಕೂತು ಸಮೀಕರಣಗಳನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ಇದು ಮಕ್ಕಳ ತಪ್ಪಲ್ಲ. ಸೂತ್ರ ಮೊದಲು ಬಂದು ವಸ್ತು ಆಮೇಲೆ ಬಂದರೆ, ಅಥವಾ ವಸ್ತು ಬರದೇ ಹೋದರೆ, ಯಾರಿಗಾದರೂ ಹಾಗೇ ಆಗುತ್ತದೆ. ಆದ್ದರಿಂದ ಇವತ್ತು ಸೂತ್ರಗಳನ್ನು ಪಕ್ಕಕ್ಕಿಟ್ಟು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳ ಕೆಲಸಗಳನ್ನು ನೋಡೋಣ. ನೋಡುವಾಗ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇಲ್ಲಿ ಹೊಸ ವಸ್ತು ಹುಟ್ಟಿತೇ, ಇಲ್ಲವೇ? ರಸಾಯನಶಾಸ್ತ್ರದ ಮೊದಲ ಪ್ರಶ್ನೆಯೇ ಇದು.

ರಾಮನಗರದಿಂದ ಹೊರಡೋಣ. ಅಲ್ಲಿನ ರೇಷ್ಮೆ ಗೂಡಿನ ಮಾರುಕಟ್ಟೆಯ ಹೆಸರು ಕೇಳದವರಿಲ್ಲ. ಮಾರುಕಟ್ಟೆಯಲ್ಲಿ ಗೂಡು ಕೊಂಡ ರೀಲರ್‌ಗಳು ಅದನ್ನು ನೂಲು ಬಿಚ್ಚಾಣಿಕೆ ಘಟಕಕ್ಕೆ ಒಯ್ಯುತ್ತಾರೆ. ಅಲ್ಲಿ ಗೂಡುಗಳನ್ನು ಬಾಣಲೆಯಲ್ಲಿ ಕುದಿಯುವ ನೀರಿಗೆ ಹಾಕುತ್ತಾರೆ. ಯಾಕೆ?

ರೇಷ್ಮೆ ಹುಳು ಗೂಡು ಕಟ್ಟುವಾಗ ಅದರ ಬಾಯಿಂದ ಎರಡು ಎಳೆಗಳು ಜೊತೆಯಾಗಿ ಬರುತ್ತವೆ. ಆ ಎಳೆಗಳ ವಸ್ತು ಫೈಬ್ರೊಯಿನ್ ಎಂಬ ಪ್ರೋಟೀನು. ಅವೆರಡನ್ನೂ ಅಂಟಿಸಿ ಹಿಡಿದಿರುವುದು ಸೆರಿಸಿನ್ ಎಂಬ ಇನ್ನೊಂದು ಪ್ರೋಟೀನು, ಅದು ಗೋಂದು. ಗೂಡಿನ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಈ ಗೋಂದೇ ಇರುತ್ತದೆ. ಬಿಸಿ ನೀರಿನಲ್ಲಿ ಗೋಂದು ಮೆತ್ತಗಾಗುತ್ತದೆ, ಫೈಬ್ರೊಯಿನ್ ಹಾಗೇ ಗಟ್ಟಿಯಾಗಿ ಉಳಿಯುತ್ತದೆ. ಆಗ ಎಳೆಯ ತುದಿ ಸಿಗುತ್ತದೆ. ಒಂದು ಒಳ್ಳೆಯ ದ್ವಿತಳಿ ಗೂಡಿನಿಂದ ಸಾವಿರ ಮೀಟರಿನ ಹತ್ತಿರದವರೆಗೆ ಒಂದೇ ಎಳೆ ಬಿಚ್ಚಿಕೊಳ್ಳುತ್ತದೆ. ಎಂಟು ಹತ್ತು ಗೂಡುಗಳ ಎಳೆಗಳನ್ನು ಕೂಡಿಸಿ ಒಂದು ನೂಲು ಮಾಡುತ್ತಾರೆ. ಆ ನೂಲು ರಾಟೆಯ ಮೇಲೆ ಸುತ್ತಿಕೊಂಡು ಒಣಗುವಾಗ ಉಳಿದಿದ್ದ ಗೋಂದು ಮತ್ತೆ ಗಟ್ಟಿಯಾಗಿ ಎಳೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ.

ಮಕ್ಕಳೇ, ಇಲ್ಲಿ ನಮ್ಮ ಪ್ರಶ್ನೆ ಕೇಳಿ. ಹೊಸ ವಸ್ತು ಹುಟ್ಟಿತೇ? ಇಲ್ಲ. ಗಟ್ಟಿಯಿದ್ದ ಗೋಂದು ಮೆತ್ತಗಾಯಿತು, ಮತ್ತೆ ಗಟ್ಟಿಯಾಯಿತು. ಅದು ಸೆರಿಸಿನ್ ಆಗಿಯೇ ಇತ್ತು, ಸೆರಿಸಿನ್ ಆಗಿಯೇ ಉಳಿಯಿತು. ನಿಮ್ಮ ಪಠ್ಯಪುಸ್ತಕ ಇದನ್ನು ಭೌತ ಬದಲಾವಣೆ ಎನ್ನುತ್ತದೆ.

ಈಗ ಆ ಬಾಣಲೆಯ ಕೆಳಗೆ ಬಗ್ಗಿ ನೋಡಿ. ಅಲ್ಲಿ ಒಲೆ ಉರಿಯುತ್ತಿದೆ. ಸೌದೆಯಲ್ಲಿರುವ ಇಂಗಾಲ ಗಾಳಿಯ ಆಮ್ಲಜನಕದೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಆಗುತ್ತಿದೆ. ಜಲಜನಕ ಆಮ್ಲಜನಕದೊಡನೆ ಸೇರಿ ನೀರಿನ ಆವಿಯಾಗುತ್ತಿದೆ. ಸುಡಲಾರದ ಲವಣಗಳು ಬೂದಿಯಾಗಿ ಉಳಿಯುತ್ತಿವೆ. ಆ ಬೂದಿಯನ್ನೂ ಹೊಗೆಯನ್ನೂ ಸೇರಿಸಿ ತಣ್ಣಗೆ ಮಾಡಿದರೆ ಸೌದೆ ತಿರುಗಿ ಬರುವುದಿಲ್ಲ. ಹೊಸ ವಸ್ತುಗಳು ಹುಟ್ಟಿದವು. ಇದು ರಾಸಾಯನಿಕ ಬದಲಾವಣೆ. ಒಂದೇ ಜಾಗ, ಒಂದೇ ಗಳಿಗೆ. ಬಾಣಲೆಯೊಳಗೆ ಭೌತ ಬದಲಾವಣೆ, ಬಾಣಲೆಯ ಕೆಳಗೆ ರಾಸಾಯನಿಕ ಬದಲಾವಣೆ. ರಾಮನಗರದ ಒಂದು ಬಿಚ್ಚಾಣಿಕೆ ಘಟಕದ ಮುಂದೆ ಹತ್ತು ನಿಮಿಷ ನಿಂತರೆ ಪಠ್ಯಪುಸ್ತಕದ ಆ ಎರಡು ಬದಲಾವಣೆಗಳ ಅಧ್ಯಾಯದ ತಿರುಳು ಕಣ್ಣಿಗೆ ಕಾಣುತ್ತದೆ.

ರೇಷ್ಮೆ ಎಳೆಯನ್ನೇ ಸುಟ್ಟರೆ? ಕೂದಲು ಸುಟ್ಟ ವಾಸನೆ ಬರುತ್ತದೆ. ಕೂದಲೂ ಪ್ರೋಟೀನು, ರೇಷ್ಮೆಯೂ ಪ್ರೋಟೀನು. ಎರಡರಲ್ಲೂ ಇಂಗಾಲ, ಜಲಜನಕ, ಆಮ್ಲಜನಕಗಳ ಜೊತೆಗೆ ಸಾರಜನಕವಿದೆ. ಹತ್ತಿಯ ದಾರ ಸುಟ್ಟರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಯಾಕೆಂದರೆ ಹತ್ತಿಯೂ ಕಾಗದವೂ ಸೆಲ್ಯುಲೋಸ್. ಪಾಲಿಯೆಸ್ಟರ್ ದಾರ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಸೀರೆ ಕೊಳ್ಳುವಾಗ ನಮ್ಮ ಹಿರಿಯರು ಒಂದು ಎಳೆ ಕಿತ್ತು ಸುಟ್ಟು ಮೂಸಿ ನೋಡುತ್ತಿದ್ದರಲ್ಲ, ಅದು ಶುದ್ಧ ರಾಸಾಯನಿಕ ಪರೀಕ್ಷೆ. ಮಕ್ಕಳು ಇದನ್ನು ಮಾಡುವಾಗ ದೊಡ್ಡವರು ಪಕ್ಕದಲ್ಲಿರಬೇಕು, ಎಳೆಯನ್ನು ಚಿಮಟದಲ್ಲಿ ಹಿಡಿಯಬೇಕು.

ರಾಮನಗರದಿಂದ ಮೈಸೂರು ರಸ್ತೆ ಹಿಡಿದರೆ ಚನ್ನಪಟ್ಟಣ. ಅಲ್ಲಿನ ಬೊಂಬೆಗಳಿಗೆ ಬೇಕಾದ ಬಿಳಿಯ, ಮೃದುವಾದ ಮರ ಆಲೆಮರ. ಕಡಿದ ಮರವನ್ನು ತಿಂಗಳುಗಟ್ಟಲೆ ಒಣಗಿಸುತ್ತಾರೆ. ನೀರು ಆವಿಯಾಗಿ ಹೋಗುತ್ತದೆ, ಮರ ಮರವಾಗಿಯೇ ಇರುತ್ತದೆ. ಆಮೇಲೆ ಅದನ್ನು ಕಡಚಲು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾ ಉಳಿಯಿಂದ ಆಕಾರ ಕೊಡುತ್ತಾರೆ. ಮುಂದಿನ ಹೆಜ್ಜೆಯಲ್ಲಿ ರಸಾಯನಶಾಸ್ತ್ರ ಇನ್ನಷ್ಟು ಸೊಗಸಾಗಿ ಕಾಣುತ್ತದೆ.

ತಿರುಗುತ್ತಿರುವ ಬೊಂಬೆಗೆ ಕುಶಲಕರ್ಮಿ ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಬೆಂಕಿಯಿಲ್ಲ, ಒಲೆಯಿಲ್ಲ. ಉಜ್ಜುವಿಕೆಯಿಂದ ಹುಟ್ಟುವ ಶಾಖಕ್ಕೇ ಅರಗು ಕರಗಿ ಮರದ ಮೇಲೆ ಹರಡಿಕೊಳ್ಳುತ್ತದೆ. ಒಣಗಿದ ತಾಳೆಗರಿಯಿಂದ ಒತ್ತಿ ತಿಕ್ಕಿದಾಗ ಸಮವಾಗಿ ಕೂತು ಹೊಳೆಯುತ್ತದೆ. ಆರಿದ ಮೇಲೆ ಗಟ್ಟಿ. ಕರಗಿದ್ದೂ ಅರಗೇ, ಗಟ್ಟಿಯಾದದ್ದೂ ಅರಗೇ. ಮತ್ತೆ ಭೌತ ಬದಲಾವಣೆ.

ಈ ಅರಗು ಎಲ್ಲಿಯದು? ಮರದ ಕೊಂಬೆಗಳ ಮೇಲೆ ಬದುಕುವ ಒಂದು ಚಿಕ್ಕ ಕೀಟ ಸುರಿಸುವ ರಾಳ ಅದು. ರಾಮನಗರಕ್ಕೂ ಕೀಟ ಅನ್ನ ಕೊಟ್ಟಿದೆ, ಚನ್ನಪಟ್ಟಣಕ್ಕೂ ಕೀಟವೇ ಬಣ್ಣದ ಮೆರುಗು ಕೊಟ್ಟಿದೆ. ಅರಗು ನೀರಿನಲ್ಲಿ ಕರಗುವುದಿಲ್ಲ, ಆಲ್ಕೊಹಾಲಿನಲ್ಲಿ ಕರಗುತ್ತದೆ. ಯಾವ ವಸ್ತು ಯಾವ ದ್ರವದಲ್ಲಿ ಕರಗುತ್ತದೆ ಎಂಬುದೂ ವಸ್ತುವಿನ ಗುರುತು. ಇದನ್ನು ವಿಲೀನತೆ ಎನ್ನುತ್ತೇವೆ. ಒಂದು ಕಾಲದಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಗ್ರಾಮಫೋನ್ ತಟ್ಟೆಗಳನ್ನು ಮಾಡುತ್ತಿದ್ದದ್ದೂ ಅರಗಿನಿಂದಲೇ. ಹಳೆಯ ಹಾಡುಗಳು ನಮ್ಮ ತನಕ ಉಳಿದು ಬಂದದ್ದರಲ್ಲಿ ಆ ಪುಟ್ಟ ಕೀಟದ ಪಾಲೂ ಇದೆ.

ಆದರೆ ಅರಗನ್ನು ಹದ ಮೀರಿ ಬಹಳ ಹೊತ್ತು ಕಾಯಿಸಿದರೆ ಏನಾಗುತ್ತದೆ? ಅದರ ಅಣುಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡು, ಆಮೇಲೆ ಎಷ್ಟು ಕಾಯಿಸಿದರೂ ಕರಗದ ವಸ್ತುವಾಗುತ್ತದೆ. ಈಗ ಹೊಸ ವಸ್ತು ಹುಟ್ಟಿತು. ಶಾಖ ಒಂದೇ, ಹದದಲ್ಲಿದ್ದಾಗ ಭೌತ ಬದಲಾವಣೆ, ಹದ ಮೀರಿದಾಗ ರಾಸಾಯನಿಕ ಬದಲಾವಣೆ. ಲಿಯೊ ಬೇಕ್‌ಲೆಂಡ್ ಎಂಬ ರಸಾಯನಶಾಸ್ತ್ರಜ್ಞ ಅರಗಿಗೆ ಬದಲಿ ವಸ್ತುವನ್ನು ಹುಡುಕುತ್ತಾ 1907ರಲ್ಲಿ ಬೇಕಲೈಟ್ ಕಂಡುಹಿಡಿದ. ಅದು ಒಮ್ಮೆ ಅಚ್ಚಿನಲ್ಲಿ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಪ್ಲಾಸ್ಟಿಕ್ ಯುಗದ ಆರಂಭಕ್ಕೂ ಅರಗಿಗೂ ಹೀಗೆ ನಂಟಿದೆ.

ಚನ್ನಪಟ್ಟಣದ ಬೊಂಬೆಗಳಿಗೆ ಹಳದಿ ಬಣ್ಣ ಕೊಡಲು ಅರಿಸಿನ ಬಳಸುವುದುಂಟು. ಅರಿಸಿನದ ಹೆಸರು ಬಂದದ್ದರಿಂದ ಅಲ್ಲಿಂದಲೇ ಆಮ್ಲ, ಪ್ರತ್ಯಾಮ್ಲಗಳ ಪಾಠಕ್ಕೆ ಹೋಗೋಣ. ನಮ್ಮ ಮನೆಗಳಲ್ಲಿ ಆರತಿಗೆ ಕೆಂಪು ನೀರು ಹೇಗೆ ಮಾಡುತ್ತಾರೆ? ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕುತ್ತಾರೆ. ಹಳದಿ ನೀರು ಒಡನೆಯೇ ಕೆಂಪಾಗುತ್ತದೆ. ಅರಿಸಿನದ ಬಣ್ಣದ ವಸ್ತುವಿನ ಹೆಸರು ಕರ್ಕ್ಯುಮಿನ್. ಸುಣ್ಣ ಪ್ರತ್ಯಾಮ್ಲ. ಪ್ರತ್ಯಾಮ್ಲ ಸೋಕಿದರೆ ಕರ್ಕ್ಯುಮಿನ್ ಕೆಂಪಾಗುತ್ತದೆ. ಅದರ ಮೇಲೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಇಂಥ ವಸ್ತುವನ್ನು ಸೂಚಕ ಎನ್ನುತ್ತೇವೆ. ಲಿಟ್ಮಸ್ ಕಾಗದ ಶಾಲೆಗೆ ಬರುವ ಮೊದಲೇ ನಮ್ಮ ಅಜ್ಜಿಯರ ಆರತಿ ತಟ್ಟೆಯಲ್ಲಿ ಸೂಚಕ ಇತ್ತು.

ಅರಿಸಿನದ ನೀರಿನಲ್ಲಿ ಬಿಳಿ ಕಾಗದ ಅದ್ದಿ ಒಣಗಿಸಿ ಇಟ್ಟುಕೊಳ್ಳಿ. ಸಾಬೂನಿನ ನೀರು, ಸೌದೆ ಒಲೆಯ ಬೂದಿ ನೆನೆಸಿದ ನೀರು, ಅಡುಗೆ ಸೋಡದ ನೀರು, ಮಜ್ಜಿಗೆ, ಹುಣಿಸೆ ರಸ ಇವನ್ನೆಲ್ಲ ಒಂದೊಂದು ಹನಿ ಹಾಕಿ ನೋಡಿ. ಮೊದಲಿನವು ಪ್ರತ್ಯಾಮ್ಲೀಯ, ಕಾಗದ ಕೆಂಪಿಗೆ ತಿರುಗುತ್ತದೆ. ಮಜ್ಜಿಗೆ, ಹುಣಿಸೆ ಆಮ್ಲೀಯ, ಕಾಗದ ಹಳದಿಯಾಗಿಯೇ ಇರುತ್ತದೆ. ಆದರೆ ಬರಿಯ ನೀರು ಹಾಕಿದರೂ ಹಳದಿಯೇ! ಹಾಗಾಗಿ ಆಮ್ಲಕ್ಕೂ ಬರಿ ನೀರಿಗೂ ಇರುವ ವ್ಯತ್ಯಾಸ ಅರಿಸಿನಕ್ಕೆ ತಿಳಿಯದು. ಅದಕ್ಕೆ ಕೆಂಪು ದಾಸವಾಳದ ಎಸಳು ನೆನೆಸಿದ ನೀರು ಬೇಕು. ಅದು ಆಮ್ಲದಲ್ಲಿ ಗಾಢ ಗುಲಾಬಿಯಾಗುತ್ತದೆ, ಪ್ರತ್ಯಾಮ್ಲದಲ್ಲಿ ಹಸಿರಾಗುತ್ತದೆ. ಒಂದು ಪರೀಕ್ಷೆಯ ಮಿತಿ ಎಲ್ಲಿದೆ ಎಂದು ತಿಳಿಯುವುದೂ ವಿಜ್ಞಾನವೇ.

ಸುಣ್ಣದ ಮಾತು ಬಂದರೆ ಕನಕಪುರಕ್ಕೆ ಹೋಗಲೇಬೇಕು. ಕನಕಪುರದ ಸುತ್ತಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ, ಹುಳು ಸಾಕಣೆ ಮನೆ ಎರಡೂ ಬದುಕಿನ ಭಾಗ. ಹುಳುಗಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಮುಂಚೆ ತಲೆಯೆತ್ತಿ ಸುಮ್ಮನೆ ಇರುವಾಗ, ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಹಾಸಿಗೆ ಒಣಗಿರಲಿ, ರೋಗ ಹರಡದಿರಲಿ ಎಂದು. ಬೆಳೆ ಮುಗಿದ ಮೇಲೆ ಮನೆಯನ್ನೂ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆಗಳನ್ನೂ ಬ್ಲೀಚಿಂಗ್ ಪುಡಿಯ ದ್ರಾವಣದಿಂದ ತೊಳೆಯುತ್ತಾರೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಹೇಳುವ ಪ್ರಮಾಣ ಶೇಕಡ 2 ಬ್ಲೀಚಿಂಗ್ ಪುಡಿ, ಶೇಕಡ 0.3 ಸುಣ್ಣ. 100 ಲೀಟರ್ ನೀರಿಗೆ 2 ಕಿಲೊ ಬ್ಲೀಚಿಂಗ್ ಪುಡಿ, 300 ಗ್ರಾಂ ಸುಣ್ಣ. ಗಣಿತದಲ್ಲಿ ಕಲಿತ ಶೇಕಡಾವಾರು ಇಲ್ಲಿ ದ್ರಾವಣದ ಪ್ರಬಲತೆಯಾಗಿ ಬಂತು. ಕಡಿಮೆಯಾದರೆ ರೋಗಾಣು ಸಾಯದು, ಬೆಳೆ ಕೈತಪ್ಪುತ್ತದೆ.

ಬ್ಲೀಚಿಂಗ್ ಪುಡಿಯ ಚೀಲವನ್ನು ಬಾಯಿ ಬಿಗಿದೇ ಇಡಬೇಕು. ತೆರೆದಿಟ್ಟರೆ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ವರ್ತಿಸಿ ಕ್ಲೋರಿನ್ ಕಳೆದುಕೊಳ್ಳುತ್ತದೆ. ಬಿಳಿ ಪುಡಿ ಬಿಳಿಯಾಗಿಯೇ ಕಾಣುತ್ತದೆ, ಆದರೆ ಕಸುವು ಹೋಗಿರುತ್ತದೆ. ಕಣ್ಣಿಗೆ ಕಾಣದೆಯೂ ಹೊಸ ವಸ್ತು ಹುಟ್ಟಬಹುದು ಎಂಬುದಕ್ಕೆ ಇದು ಸಾಕ್ಷಿ. ಇಲ್ಲೊಂದು ಎಚ್ಚರಿಕೆ: ಬ್ಲೀಚಿಂಗ್ ಪುಡಿಗೆ ಶೌಚಾಲಯ ತೊಳೆಯುವ ಆಮ್ಲವನ್ನು ಎಂದೂ ಬೆರೆಸಬೇಡಿ. ಕ್ಲೋರಿನ್ ಅನಿಲ ಒಮ್ಮೆಲೇ ಹೊರಬರುತ್ತದೆ. ಅದು ಶ್ವಾಸಕೋಶವನ್ನು ಸುಡುವ ವಿಷ.

ರೇಷ್ಮೆ ಹುಳುವಿಗೂ ರಸಾಯನಶಾಸ್ತ್ರಕ್ಕೂ ಚರಿತ್ರೆಯಲ್ಲೂ ಗಾಢ ಸಂಬಂಧವಿದೆ. ಫ್ರಾನ್ಸಿನಲ್ಲಿ ರೇಷ್ಮೆ ಹುಳುಗಳು ರೋಗದಿಂದ ಸಾಯತೊಡಗಿದಾಗ 1865ರಲ್ಲಿ ಸರ್ಕಾರ ರೋಗದ ಕಾರಣ ಹುಡುಕಲು ಕಳಿಸಿದ್ದು ಲೂಯಿ ಪಾಶ್ಚರ್ ಎಂಬ ರಸಾಯನಶಾಸ್ತ್ರಜ್ಞನನ್ನು. ಗಂಟುರೋಗ ಎಂಬ ಆ ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಗಳನ್ನಷ್ಟೇ ಉಳಿಸಿಕೊಳ್ಳಬೇಕು ಎಂದು ಆತ ತೋರಿಸಿಕೊಟ್ಟ. ಇವತ್ತಿಗೂ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆ ಪರೀಕ್ಷೆ ನಡೆಯುತ್ತದೆ.

ಈಗ ಸುಣ್ಣವನ್ನೇ ತೂಗಿ ನೋಡೋಣ. ಸುಣ್ಣದ ಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಶುದ್ಧವಾದ 100 ಗ್ರಾಂ ಕಲ್ಲನ್ನು ಸುಣ್ಣದ ಗೂಡಿನಲ್ಲಿ ಚೆನ್ನಾಗಿ ಸುಟ್ಟರೆ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಮಿಕ್ಕ 44 ಗ್ರಾಂ ಎಲ್ಲಿ ಹೋಯಿತು? ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಯಿತು. 56ಕ್ಕೆ 44 ಕೂಡಿಸಿದರೆ ಸರಿಯಾಗಿ 100. ಆ 56 ಗ್ರಾಂ ಸುಣ್ಣ 18 ಗ್ರಾಂ ನೀರು ಕುಡಿದು, ಕುದಿಯುವಷ್ಟು ಶಾಖ ಬಿಟ್ಟು, 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಆ ಸುಣ್ಣವನ್ನು ಗೋಡೆಗೆ ಬಳಿದರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ, ನೀರನ್ನು ಬಿಟ್ಟುಕೊಟ್ಟು, ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಕಲ್ಲಾಗಿದ್ದದ್ದು ಗೋಡೆಯ ಮೇಲೆ ಮತ್ತೆ ಕಲ್ಲಾಯಿತು. ಸುಟ್ಟ ಸುಣ್ಣಕ್ಕೆ ನೀರು ಹಾಕುವ ಕೆಲಸ ಮಾತ್ರ ಮಕ್ಕಳದ್ದಲ್ಲ. ಸಿಡಿದ ಒಂದು ಹನಿ ಕಣ್ಣನ್ನೇ ಕಳೆಯಬಲ್ಲದು.

ಸುಣ್ಣದ ಒಬ್ಬ ನೆಂಟ ಕಾರ್ಬೈಡ್, ಅದು ಮಾವಿನ ಕಥೆಯಲ್ಲಿ ಬರುತ್ತದೆ. ನಮ್ಮ ಈ ಭಾಗ ಮಾವಿಗೆ ಹೆಸರಾದದ್ದು. ಮಾವು ಹಣ್ಣಾಗುವುದು ಎಂದರೆ ಹುಳಿಯ ಆಮ್ಲ ಕಡಿಮೆಯಾಗಿ, ಪಿಷ್ಟ ಸಕ್ಕರೆಯಾಗಿ, ಸಿಪ್ಪೆಯ ಹಸಿರು ಒಡೆದು ಹಳದಿ ಮೇಲೆ ಬರುವುದು. ಎಲ್ಲವೂ ರಾಸಾಯನಿಕ ಬದಲಾವಣೆ. ಅದಕ್ಕೆ ಚಾಲನೆ ಕೊಡುವುದು ಹಣ್ಣೇ ಬಿಡುವ ಎಥಿಲೀನ್ ಅನಿಲ. ಹುಲ್ಲಿನಲ್ಲಿ ಅಡೆ ಹಾಕಿದಾಗ ಆ ಅನಿಲ ಒಳಗೇ ನಿಂತು ಕಾಯಿ ಬೇಗ ಹಣ್ಣಾಗುತ್ತದೆ. ಕ್ಯಾಲ್ಸಿಯಂ ಕಾರ್ಬೈಡ್ ತೇವ ತಾಗಿದರೆ ಅಸಿಟಿಲೀನ್ ಎಂಬ ಬೇರೆ ಅನಿಲ ಬಿಡುತ್ತದೆ. ಜೊತೆಗೆ ಆರ್ಸೆನಿಕ್, ರಂಜಕದ ವಿಷದ ಅಂಶಗಳೂ ಬರಬಹುದು. ಆದ್ದರಿಂದಲೇ ಕಾರ್ಬೈಡಿನಿಂದ ಹಣ್ಣು ಮಾಗಿಸುವುದನ್ನು ನಮ್ಮ ದೇಶದಲ್ಲಿ ಕಾನೂನು ನಿಷೇಧಿಸಿದೆ.

ಕೊನೆಗೆ ಮಾಗಡಿ. ಕೆಂಪೇಗೌಡರ ಮಾಗಡಿ, ಸಾವನದುರ್ಗದ ಮಾಗಡಿ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಆ ಏಕಶಿಲಾ ಬೆಟ್ಟವೂ ರಾಮನಗರದ ಬಂಡೆಗಳೂ ಒಂದೇ ಶಿಲಾ ಪಟ್ಟಿಗೆ ಸೇರಿದವು. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ರಾಮನಗರದ ಹಿಂದಿನ ಹೆಸರು ಕ್ಲೋಸ್‌ಪೇಟೆ. ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ.

ಹೊಸದಾಗಿ ಒಡೆದ ಒಂದು ಗ್ರಾನೈಟ್ ಚೂರನ್ನು ಬಿಸಿಲಿಗೆ ಹಿಡಿದು ನೋಡಿ. ಗಾಜಿನ ಹಾಗೆ ಹೊಳೆಯುವ ಕಣ, ಗುಲಾಬಿ ಅಥವಾ ಬಿಳಿ ಕಣ, ಮಿನುಗುವ ಕಪ್ಪು ಪದರ ಬೇರೆಬೇರೆಯಾಗಿ ಕಾಣುತ್ತವೆ. ಗಾಜಿನಂಥದ್ದು ಕ್ವಾರ್ಟ್ಜ್, ಗುಲಾಬಿಯದು ಫೆಲ್ಡ್‌ಸ್ಪಾರ್, ಕಪ್ಪು ಪದರ ಅಭ್ರಕ. ಒಂದು ಚೂರಿನಲ್ಲಿ ಒಂದು ಹೆಚ್ಚು, ಇನ್ನೊಂದರಲ್ಲಿ ಮತ್ತೊಂದು ಹೆಚ್ಚು. ಹೀಗೆ ಪ್ರಮಾಣದ ಕಟ್ಟಿಲ್ಲದೆ ಸೇರಿಕೊಂಡದ್ದು ಮಿಶ್ರಣ. ಆದರೆ ಕ್ವಾರ್ಟ್ಜ್ ಕಣದೊಳಗೆ ಕಟ್ಟುನಿಟ್ಟಾದ ಲೆಕ್ಕವಿದೆ: ಒಂದು ಸಿಲಿಕಾನ್ ಪರಮಾಣುವಿಗೆ ಎರಡು ಆಮ್ಲಜನಕ ಪರಮಾಣು. ಮಾಗಡಿಯಲ್ಲೂ ಅಷ್ಟೇ, ಹಿಮಾಲಯದಲ್ಲೂ ಅಷ್ಟೇ. ಇದು ಸಂಯುಕ್ತ. ಸಿಲಿಕಾನ್, ಆಮ್ಲಜನಕಗಳನ್ನು ಇನ್ನು ಸರಳ ವಸ್ತುಗಳಾಗಿ ಒಡೆಯಲಾಗದು, ಅವು ಧಾತುಗಳು. ಇನ್ನೊಂದು ಅಚ್ಚರಿ ಕೇಳಿ: ಸಾವನದುರ್ಗದ ಬಂಡೆಯ ತೂಕದಲ್ಲಿ ಸುಮಾರು ಅರ್ಧದಷ್ಟು ಆಮ್ಲಜನಕವೇ. ನಾವು ಉಸಿರಾಡುವ ಗಾಳಿಯಲ್ಲಿ ಅನಿಲವಾಗಿರುವುದು ಸಿಲಿಕಾನಿನೊಡನೆ ಸೇರಿದಾಗ ಕಲ್ಲಾಗುತ್ತದೆ. ಸಂಯುಕ್ತದ ಗುಣ ಅದರ ಧಾತುಗಳ ಗುಣಕ್ಕಿಂತ ಪೂರ್ತಿ ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ?

ಈ ಬಂಡೆಯೂ ಬದಲಾಗುತ್ತದೆ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬಹಳ ದುರ್ಬಲವಾದ ಆಮ್ಲವಾಗುತ್ತದೆ. ಸಾವಿರಾರು ವರ್ಷ ಆ ಆಮ್ಲ ಸೋಕಿ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಅದರ ಪೊಟ್ಯಾಸಿಯಂ ಬಿಡುಗಡೆಯಾಗುತ್ತದೆ. ಕಪ್ಪು ಪದರಗಳ ಕಬ್ಬಿಣ ತುಕ್ಕು ಹಿಡಿದು ನಮ್ಮ ಹೊಲಗಳ ಮಣ್ಣಿಗೆ ಕೆಂಪು ಬಣ್ಣ ಕೊಡುತ್ತದೆ. ಕ್ವಾರ್ಟ್ಜ್ ಮಾತ್ರ ಜಗ್ಗದೆ ಮರಳಾಗಿ ಅರ್ಕಾವತಿ ನದಿಯ ಪಾತ್ರಕ್ಕೆ ಸೇರುತ್ತದೆ. ಆ ಕೆಂಪು ಮಣ್ಣಿನ ಪೊಟ್ಯಾಸಿಯಂ, ಸಾರಜನಕಗಳನ್ನು ಹಿಪ್ಪುನೇರಳೆ ಬೇರಿನಿಂದ ಹೀರುತ್ತದೆ. ಇಂಗಾಲವನ್ನು ಗಾಳಿಯಿಂದ ಎಲೆಯ ಮೂಲಕ ಪಡೆಯುತ್ತದೆ. ಹುಳು ಎಲೆ ತಿನ್ನುತ್ತದೆ, ಎಲೆಯ ಪ್ರೋಟೀನು ಹುಳುವಿನ ಹೊಟ್ಟೆಯಲ್ಲಿ ಬಿಡಿಬಿಡಿಯಾಗಿ, ಮತ್ತೆ ಹೆಣೆದುಕೊಂಡು ಫೈಬ್ರೊಯಿನ್ ಆಗುತ್ತದೆ. ನಿಮ್ಮ ಮನೆಯ ರೇಷ್ಮೆ ಸೀರೆಯ ಸಾರಜನಕ ಒಂದು ಕಾಲಕ್ಕೆ ಕನಕಪುರದ ಯಾವುದೋ ತೋಟದ ಮಣ್ಣಿನಲ್ಲಿ ಇದ್ದದ್ದು. ಅದರ ಇಂಗಾಲ ಯಾವುದೋ ಒಲೆಯ ಹೊಗೆಯಲ್ಲಿ ಇದ್ದಿರಬಹುದು.

ನಾವು ಕೇಳುತ್ತಾ ಬಂದ ಪ್ರಶ್ನೆಗೆ ಈಗ ಪೂರ್ಣ ಉತ್ತರ ಸಿಗುತ್ತದೆ. ರಾಸಾಯನಿಕ ಬದಲಾವಣೆಯಲ್ಲಿ ಹೊಸ ವಸ್ತು ಹುಟ್ಟುತ್ತದೆ, ಆದರೆ ಹೊಸ ಪರಮಾಣು ಹುಟ್ಟುವುದಿಲ್ಲ, ಇದ್ದ ಪರಮಾಣು ಸಾಯುವುದೂ ಇಲ್ಲ. ಚನ್ನಪಟ್ಟಣದ ಆಟಿಕೆಯ ಮರದ ತುಂಡುಗಳಿಂದ ಜೋಡಿಸಿದ ಬಂಡಿಯನ್ನು ಬಿಚ್ಚಿ ಮನೆ ಮಾಡಿದ ಹಾಗೆ, ತುಂಡುಗಳು ಅವೇ, ಜೋಡಣೆ ಬೇರೆ. ಅದಕ್ಕೇ ಸುಣ್ಣದ ಲೆಕ್ಕದಲ್ಲಿ 56 ಮತ್ತು 44 ಕೂಡಿ 100 ಆದದ್ದು. 18ನೇ ಶತಮಾನದಲ್ಲಿ ಫ್ರಾನ್ಸಿನ ಲವಾಸಿಯೆ ಮುಚ್ಚಿದ ಪಾತ್ರೆಗಳಲ್ಲಿ ವಸ್ತುಗಳನ್ನು ಕಾಯಿಸಿ, ಮೊದಲೂ ಆಮೇಲೂ ತೂಗಿ ನೋಡಿ ಈ ನಿಯಮವನ್ನು ಗಟ್ಟಿ ಮಾಡಿದ. ಅದು ರಾಶಿ ಸಂರಕ್ಷಣಾ ನಿಯಮ. ಸಮೀಕರಣವನ್ನು ಯಾಕೆ ಸರಿದೂಗಿಸಬೇಕು ಎಂದು ಕೇಳುತ್ತೀರಲ್ಲ, ಕಾರಣ ಇದೇ. ಎಡಗಡೆ ಎಷ್ಟು ಪರಮಾಣುಗಳಿದ್ದವೋ ಬಲಗಡೆಯೂ ಅಷ್ಟೇ ಇರಬೇಕು. ಇಷ್ಟು ಅರ್ಥವಾದವರಿಗೆ ಸೂತ್ರ ಭಾರವಾಗುವುದಿಲ್ಲ, ಕಂಡದ್ದನ್ನು ಚಿಕ್ಕದಾಗಿ ಬರೆಯುವ ಅನುಕೂಲವಾಗುತ್ತದೆ.

ಶಿಕ್ಷಕ ಮಿತ್ರರಲ್ಲಿ ನನ್ನದೊಂದು ವಿನಂತಿ. ವರ್ಷಕ್ಕೆ ಒಂದು ದಿನವಾದರೂ ಮಕ್ಕಳನ್ನು ಬಿಚ್ಚಾಣಿಕೆ ಘಟಕಕ್ಕೆ, ಬೊಂಬೆ ಮಾಡುವವರ ಮನೆಗೆ, ಹುಳು ಸಾಕುವ ರೈತರ ಹತ್ತಿರಕ್ಕೆ ಕರೆದೊಯ್ಯಿರಿ. ಅಲ್ಲಿನವರ ಕೆಲಸವನ್ನು ಗೌರವದಿಂದ ನೋಡಲು, ಪ್ರಶ್ನೆ ಕೇಳಲು ಕಲಿಸಿ. ತಂದೆತಾಯಿಯರೇ, ನಿಮ್ಮ ಮಗು ಅರಿಸಿನದ ಕಾಗದ ಮಾಡಲು ಅಡುಗೆಮನೆಗೆ ಬಂದರೆ ಗದರಿಸಬೇಡಿ. ಪಕ್ಕದಲ್ಲಿ ನಿಂತು ಜೊತೆಗೆ ನೋಡಿ. ಮಕ್ಕಳೇ, ಯಾವ ವಸ್ತುವನ್ನೂ ಬಾಯಿಗೆ ಹಾಕಿ ರುಚಿ ನೋಡಬೇಡಿ, ಹೆಸರು ಗೊತ್ತಿಲ್ಲದ್ದನ್ನು ಬೆರೆಸಬೇಡಿ, ಬೆಂಕಿಯ ಹತ್ತಿರ ಒಬ್ಬರೇ ಹೋಗಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಂಡು ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ನಿಮ್ಮ ಊರಿನ ದುಡಿಯುವ ಕೈಗಳಿಗೆ ಗೊತ್ತಿರುವುದನ್ನು ನಿಮ್ಮ ಪಠ್ಯಪುಸ್ತಕಕ್ಕೆ ಜೋಡಿಸುವ ಕೆಲಸ ನಿಮ್ಮದು. ಅದನ್ನು ಈ ವಾರವೇ ಶುರು ಮಾಡಿ.